ನಕಲು ಪ್ರೊಫೈಲ್‌ನಿಂದ ಟೈಲರಿಂಗ್ ಫೈಲ್‌ಗೆ: ಒಂದು ಫೆಡರಲ್ ಏಜೆನ್ಸಿಯ ಪ್ರಕರಣ

ಅಮೆರಿಕದ ಒಂದು ಸಿವಿಲ್ ಫೆಡರಲ್ ಏಜೆನ್ಸಿ. ರಕ್ಷಣಾ ಇಲಾಖೆಗೂ ಇದಕ್ಕೂ ಸಂಬಂಧವಿಲ್ಲ. ಜನರಿಗೆ ಆನ್‌ಲೈನ್ ಸೇವೆ ಕೊಡುವ ಕಚೇರಿ. ಇಂಥದೇ ಪರಿಸ್ಥಿತಿ ಬೇರೆ ಬೇರೆ ಕಡೆಯೂ ಇರುವುದರಿಂದ ಹೆಸರು ಬೇಡ. ಸರ್ವರ್‌ಗಳು ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರ ಮೇಲೆ ಓಡುತ್ತಿದ್ದವು. ಸೆಟ್ಟಿಂಗ್‌ಗಳು ಭದ್ರತಾ ನಿಯಮಕ್ಕೆ ಸರಿಯಾಗಿವೆಯೇ ಅಂತ ನೋಡುವ ಓಪನ್‌ಸ್ಕ್ಯಾಪ್ ಅನ್ನುವ ಸ್ಕ್ಯಾನರ್‌ನಿಂದ ತಪ್ಪದೆ ಸ್ಕ್ಯಾನ್ ಆಗುತ್ತಿತ್ತು. ರಿಪೋರ್ಟಿನಲ್ಲಿ ಅಂಕ ಯಾವಾಗಲೂ ಚೆನ್ನಾಗಿಯೇ ಇರುತ್ತಿತ್ತು.

ಪರಿಶೀಲನೆಗೆ ಬಂದ ಅಸೆಸರ್ ಒಂದು ಸರಳ ಕೆಲಸ ಮಾಡಿದರು. ಒಂದು ಸರ್ವರ್ ಆರಿಸಿಕೊಂಡು, ರೆಡ್ ಹ್ಯಾಟ್ ಪ್ಯಾಕೇಜಿನ ಜೊತೆ ಬರುವ ಮೂಲ ಸ್ಟಿಗ್ ಪ್ರೊಫೈಲನ್ನು, ಅಂದರೆ ಯಾವ ಭದ್ರತಾ ನಿಯಮಗಳನ್ನು ಪರೀಕ್ಷಿಸಬೇಕು ಅನ್ನುವ ಪಟ್ಟಿಯನ್ನು, ಅದರ ಮೇಲೆ ಓಡಿಸಿದರು. ಏಜೆನ್ಸಿಯ ರಿಪೋರ್ಟಿನಲ್ಲಿ ಇಲ್ಲದ ಎಷ್ಟೋ ಫೇಲ್‌ಗಳು ಎದ್ದು ನಿಂತವು. ಸರ್ವರ್ ಅದೇ, ಸ್ಕ್ಯಾನರ್ ಅದೇ, ಪ್ರೊಫೈಲಿನ ಹೆಸರೂ ಅದೇ. ಹಾಗಾದರೆ ಫಲಿತಾಂಶ ಮಾತ್ರ ಬೇರೆ ಯಾಕೆ?

ಅಡ್ಮಿನ್‌ಗಳು ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ಸೆಟ್ಟಿಂಗ್‌ಗಳನ್ನು ಅವರು ಶ್ರದ್ಧೆಯಿಂದಲೇ ನೋಡಿಕೊಂಡಿದ್ದರು. ತೊಂದರೆ ಇದ್ದದ್ದು ಪ್ರೊಫೈಲನ್ನು ಬದಲಾಯಿಸಿದ ರೀತಿಯಲ್ಲಿ.

ಹಂಚಿಕೊಂಡ ಪ್ರೊಫೈಲ್ ಅಂದರೆ

ಸ್ಟಿಗ್‌ಗಳನ್ನು ಪ್ರಕಟಿಸುವುದು ರಕ್ಷಣಾ ಇಲಾಖೆಯ ಡಿಸಾ ಸಂಸ್ಥೆ. ಒಂದು ಆಪರೇಟಿಂಗ್ ಸಿಸ್ಟಮ್ ಅನ್ನು ಹೇಗೆ ಬಿಗಿ ಮಾಡಬೇಕು ಅನ್ನುವ ನಿಯಮಗಳ ಪಟ್ಟಿ ಅದು. ಪ್ರತಿ ನಿಯಮಕ್ಕೂ ಕ್ಯಾಟ್ 1, 2 ಅಥವಾ 3 ಅನ್ನುವ ತೀವ್ರತೆ ಇರುತ್ತದೆ. 1 ಎಲ್ಲಕ್ಕಿಂತ ಗಂಭೀರ. ಈ ನಿಯಮಗಳನ್ನು ಯಂತ್ರ ಓದುವ ರೂಪಕ್ಕೆ ತಂದು, ಜೊತೆಗೆ ಸರಿಪಡಿಸುವ ಸ್ಕ್ರಿಪ್ಟ್‌ಗಳನ್ನೂ ಕೊಡುವ ಬಹಿರಂಗ ಯೋಜನೆ ಕಂಪ್ಲೈಯನ್ಸ್ ಆಸ್ ಕೋಡ್. ಮೊದಲು ಅದಕ್ಕೆ ಸ್ಕ್ಯಾಪ್ ಸೆಕ್ಯುರಿಟಿ ಗೈಡ್ ಅನ್ನುತ್ತಿದ್ದರು, ರೆಡ್ ಹ್ಯಾಟ್‌ನಲ್ಲಿ ಪ್ಯಾಕೇಜಿನ ಹೆಸರು ಈಗಲೂ ಅದೇ. ಸ್ಕ್ಯಾಪ್ ಅಂದರೆ ಇಂಥ ನಿಯಮಗಳನ್ನು ಯಂತ್ರ ಓದುವಂತೆ ಬರೆಯುವ ಮಾನದಂಡ. ಪ್ಯಾಕೇಜ್ ಹಾಕಿದರೆ ಒಂದು ದೊಡ್ಡ ಎಕ್ಸ್‌ಎಂಎಲ್ ಫೈಲ್ ಸಿಗುತ್ತದೆ. ಅದಕ್ಕೆ ಡೇಟಾ ಸ್ಟ್ರೀಮ್ ಅನ್ನುತ್ತಾರೆ. ಎಕ್ಸ್‌ಸಿಸಿಡಿಎಫ್ ಭಾಗದಲ್ಲಿ ನಿಯಮಗಳೂ ಪ್ರೊಫೈಲ್‌ಗಳೂ ಇರುತ್ತವೆ. ಓವಲ್ ಭಾಗದಲ್ಲಿ, ಪ್ರತಿ ನಿಯಮವನ್ನು ಯಂತ್ರ ಹೇಗೆ ಪರೀಕ್ಷಿಸಬೇಕು ಅನ್ನುವುದು ಇರುತ್ತದೆ.

ಸಿವಿಲ್ ಏಜೆನ್ಸಿಗೆ ರಕ್ಷಣಾ ಇಲಾಖೆಯ ಪಟ್ಟಿ ಯಾಕೆ ಬೇಕು? ಫೆಡರಲ್ ಸಿಸ್ಟಮ್‌ಗಳಿಗೆ ಮಾಹಿತಿ ಭದ್ರತೆಯ ಫಿಸ್ಮಾ ಕಾಯ್ದೆ ಇದೆ. ಅದರಡಿ ಮಾನದಂಡ ಸಂಸ್ಥೆ ನಿಸ್ಟ್‌ನ ಎಸ್‌ಪಿ 800-53 ಅನ್ನುವ ಭದ್ರತಾ ಕಂಟ್ರೋಲ್‌ಗಳ ಪಟ್ಟಿ ಪಾಲಿಸಬೇಕು. ಅದರಲ್ಲಿರುವ ಸಿಎಂ-6 ಅನ್ನುವ ಕಂಟ್ರೋಲ್ ಹೇಳುವುದಿಷ್ಟು: ಎಲ್ಲರೂ ಒಪ್ಪಿದ ಒಂದು ಭದ್ರ ಸಂರಚನೆಯನ್ನು ಆಧಾರ ಮಾಡಿಕೊಳ್ಳಿ, ಕೆಲಸ ನಡೆಯುವಷ್ಟಕ್ಕೆ ಬಿಟ್ಟು ಉಳಿದದ್ದನ್ನೆಲ್ಲ ಬಿಗಿ ಮಾಡಿ, ಅದರಿಂದ ಎಲ್ಲಿ ಸರಿಯುತ್ತೀರೋ ಅದನ್ನು ಗುರುತಿಸಿ, ಬರೆದಿಡಿ, ಒಪ್ಪಿಗೆ ಪಡೆಯಿರಿ. ಹಾಗಾಗಿ ಎಷ್ಟೋ ಸಿವಿಲ್ ಏಜೆನ್ಸಿಗಳು ಸ್ಟಿಗ್ ಅನ್ನು ಆಧಾರ ಮಾಡಿಕೊಳ್ಳುತ್ತವೆ. ಇದು ಒಳ್ಳೆಯ ಆಯ್ಕೆ ಅಂತಲೇ ನನ್ನ ಅಭಿಪ್ರಾಯ. ಸಾವಿರಾರು ಜನ ಬಳಸಿ, ಬಗ್ ಹಿಡಿದು, ತಿದ್ದಿದ ಕೆಲಸ ಕೈಗೆ ಸಿಗುತ್ತದೆ.

ಸರಿಯುವುದಕ್ಕೆ ಸಿಎಂ-6ರಲ್ಲೇ ಜಾಗ ಇದೆ, ಗಮನಿಸಿ. ಪ್ರೊಫೈಲನ್ನು ಬದಲಾಯಿಸುವುದು ತಪ್ಪಲ್ಲ. ಯಾರು, ಯಾಕೆ, ಎಲ್ಲಿ ಬದಲಾಯಿಸಿದರು ಅನ್ನುವುದು ಕಾಣದಂತೆ ಬದಲಾಯಿಸುವುದು ತಪ್ಪು.

ಹಿಂದಿನ ತಂಡ ಮಾಡಿದ್ದೇನು

ವರ್ಷಗಳ ಹಿಂದೆ ಏಜೆನ್ಸಿಯ ಗುತ್ತಿಗೆ ತಂಡವೊಂದು ಇಡೀ ಡೇಟಾ ಸ್ಟ್ರೀಮ್ ಫೈಲನ್ನು ನಕಲು ಮಾಡಿತ್ತು. ಅದರೊಳಗೇ ಕೈಯಿಂದ ತಿದ್ದಿತ್ತು. ಬೇಡದ ನಿಯಮಗಳನ್ನು ಆಫ್ ಮಾಡಿ, ಕೆಲವು ಮೌಲ್ಯಗಳನ್ನು ಬದಲಿಸಿ, ಫೈಲನ್ನು ಎಲ್ಲ ಸರ್ವರ್‌ಗಳಿಗೂ ಹಂಚಿತ್ತು. ಪ್ರೊಫೈಲಿನ ಗುರುತು ಮಾತ್ರ ಮೂಲದ್ದೇ ಉಳಿಯಿತು. ಅದಕ್ಕೇ ರಿಪೋರ್ಟ್ ನೋಡಿದವರಿಗೆಲ್ಲ ಇದು ಸಾಕ್ಷಾತ್ ಸ್ಟಿಗ್ ಸ್ಕ್ಯಾನ್ ಅಂತಲೇ ಅನ್ನಿಸುತ್ತಿತ್ತು.

ಆಮೇಲೆ ಏನಾಯಿತು ಅಂದರೆ, ಡಿಸಾ ಮೂರು ತಿಂಗಳಿಗೊಮ್ಮೆ ಸ್ಟಿಗ್‌ಗಳ ಹೊಸ ಆವೃತ್ತಿ ತರುತ್ತದೆ. ಸ್ಕ್ಯಾಪ್ ಸೆಕ್ಯುರಿಟಿ ಗೈಡ್ ಪ್ಯಾಕೇಜ್ ಅದರ ಹಿಂದೆಯೇ ಅಪ್‌ಡೇಟ್ ಆಗುತ್ತದೆ. ಸರ್ವರ್‌ಗಳಲ್ಲಿ ಹೊಸ ಪ್ಯಾಕೇಜ್ ಬಂದು ಕೂತಿತ್ತು, ಆದರೆ ಸ್ಕ್ಯಾನ್ ಓಡುತ್ತಿದ್ದದ್ದು ಹಳೆಯ ನಕಲಿನಿಂದ. ಹೊಸ ನಿಯಮಗಳು ಅದರಲ್ಲಿ ಇರಲಿಲ್ಲ. ಇದು ಸುಲಭವಾಗಿ ಹೊಳೆಯುವ ನಷ್ಟ. ಅಷ್ಟು ಬೇಗ ಹೊಳೆಯದ ಇನ್ನೊಂದಿದೆ. ಓವಲ್ ಪರೀಕ್ಷೆಗಳಲ್ಲೂ ಬಗ್ ಇರುತ್ತವೆ. ತಪ್ಪಾಗಿ ಪಾಸ್ ಕೊಡುವ ಪರೀಕ್ಷೆಯನ್ನು ಯೋಜನೆಯವರು ಸರಿಪಡಿಸಿದರೂ, ನಕಲಿನಲ್ಲಿ ಅದು ಹಾಗೆಯೇ ಪಾಸ್ ಕೊಡುತ್ತಾ ಇರುತ್ತದೆ. ಅಷ್ಟು ದೊಡ್ಡ ಎಕ್ಸ್‌ಎಂಎಲ್‌ನಲ್ಲಿ ಯಾವುದು ಮೂಲ, ಯಾವುದು ನಮ್ಮ ತಿದ್ದುಪಡಿ ಅಂತ ಕಣ್ಣಿನಿಂದ ಹುಡುಕುವುದು ಆಗದ ಮಾತು.

ಹೊಸ ತಂಡಕ್ಕೆ ಒಂದು ಅನುಕೂಲ ಇತ್ತು. ನಕಲು ಯಾವ ಪ್ಯಾಕೇಜ್ ಆವೃತ್ತಿಯಿಂದ ಬಂದದ್ದು ಅನ್ನುವುದು ಫೈಲಿನಲ್ಲೇ ಬರೆದಿತ್ತು. ಅದೇ ಆವೃತ್ತಿಯ ಮೂಲ ಫೈಲ್ ತಂದು, ಎರಡನ್ನೂ ಹೋಲಿಸಿ, ವ್ಯತ್ಯಾಸಗಳನ್ನು ಮಾತ್ರ ಹೊರತೆಗೆದರು. ಬಂದದ್ದು ಚಿಕ್ಕ ಪಟ್ಟಿ. ಅದರಲ್ಲಿ ಒಂದಕ್ಕೂ ಕಾರಣ ಬರೆದಿರಲಿಲ್ಲ.

ಒಂದೊಂದಾಗಿ ಕೂತು ನೋಡಿದಾಗ

ಈ ಪಟ್ಟಿಯ ಮೇಲೆ ನಡೆದ ಚರ್ಚೆಯೇ ಪ್ರಕರಣದ ತಿರುಳು. ಅಡ್ಮಿನ್‌ಗಳು, ಅಪ್ಲಿಕೇಶನ್ ತಂಡ ಮತ್ತು ಐಎಸ್‌ಎಸ್‌ಒ, ಅಂದರೆ ಆ ಸಿಸ್ಟಮ್‌ನ ಭದ್ರತೆಯ ಹೊಣೆ ಹೊತ್ತ ಅಧಿಕಾರಿ, ಒಟ್ಟಿಗೆ ಕೂತರು. ಪ್ರತಿ ಬದಲಾವಣೆಗೂ ಇವೇ ಮೂರು ಪ್ರಶ್ನೆ: ಈ ನಿಯಮ ನಮಗೆ ಅನ್ವಯಿಸುತ್ತದೆ, ಮೌಲ್ಯ ಮಾತ್ರ ಬೇರೆ ಬೇಕೋ? ನಿಯಮವೇ ಅನ್ವಯಿಸುವುದಿಲ್ಲವೋ? ಅಥವಾ ಅನ್ವಯಿಸುತ್ತದೆ, ಆದರೆ ನಾವು ಇನ್ನೂ ಅದನ್ನು ಪೂರೈಸಿಲ್ಲವೋ?

ಮೊದಲು ಸಿಕ್ಕಿದ್ದು ಲಾಗಿನ್ ಬ್ಯಾನರ್. ಸ್ಟಿಗ್ ಪ್ರೊಫೈಲ್ ರಕ್ಷಣಾ ಇಲಾಖೆಯ ಎಚ್ಚರಿಕೆಯ ಪಠ್ಯ ಪದಕ್ಕೆ ಪದ ಇರಬೇಕು ಅನ್ನುತ್ತದೆ. ಸಿವಿಲ್ ಏಜೆನ್ಸಿಗೆ ತನ್ನದೇ ಪಠ್ಯ ಇದೆ, ಅದರ ವಕೀಲರು ಒಪ್ಪಿದ್ದು. ಹಿಂದಿನ ತಂಡ ಬ್ಯಾನರ್ ನಿಯಮಗಳನ್ನೇ ಆಫ್ ಮಾಡಿತ್ತು. ಪರಿಣಾಮ, ಬ್ಯಾನರ್ ಇದೆಯೋ ಇಲ್ಲವೋ ಅಂತ ನೋಡುವವರೇ ಇರಲಿಲ್ಲ. ಆದರೆ 800-53ರ ಎಸಿ-8 ಕಂಟ್ರೋಲ್ ಕಡಿಮೆ ಅಪಾಯದ ಸಿಸ್ಟಮ್‌ಗೂ ಬ್ಯಾನರ್ ಬೇಕು ಅನ್ನುತ್ತದೆ. ಅಂದರೆ ನಿಯಮ ಇರಬೇಕು, ಪಠ್ಯ ಮಾತ್ರ ಬದಲಾಗಬೇಕು. ಸ್ಕ್ಯಾಪ್‌ನಲ್ಲಿ ಇದಕ್ಕೆ ದಾರಿ ಇದೆ: ಬ್ಯಾನರ್ ಪಠ್ಯ ಒಂದು ವೇರಿಯಬಲ್. ಅದಕ್ಕೆ ಏಜೆನ್ಸಿಯ ಪಠ್ಯ ಕೊಟ್ಟರೆ ಸಾಕು. ಒಂದು ಎಚ್ಚರಿಕೆ ಮಾತ್ರ ಬೇಕು. ಆ ವೇರಿಯಬಲ್ ರೆಗ್ಯುಲರ್ ಎಕ್ಸ್‌ಪ್ರೆಶನ್ ರೂಪದಲ್ಲಿ, ಅಂದರೆ ಪಠ್ಯ ಹೊಂದಬೇಕಾದ ನಮೂನೆಯಾಗಿ, ಇರಬೇಕು. ಪದಗಳ ನಡುವೆ ಸ್ಪೇಸ್ ಇದ್ದರೂ ಹೊಸ ಸಾಲು ಇದ್ದರೂ ಒಪ್ಪುವಂತೆ ಬರೆಯಬೇಕು, ಚುಕ್ಕಿ ಮತ್ತು ಕಂಸಗಳ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕಬೇಕು. ಸುಮ್ನೆ ಪಠ್ಯ ತಂದು ಅಂಟಿಸಿದರೆ, ಸರ್ವರ್‌ನಲ್ಲಿ ಬ್ಯಾನರ್ ಸರಿಯಾಗಿದ್ದರೂ ಪರೀಕ್ಷೆ ಫೇಲ್ ಆಗಬಹುದು.

ಎರಡನೆಯದು ಕಂಟೇನರ್‌ಗಳ ವಿಷಯ. ರೆಡ್ ಹ್ಯಾಟ್ 8ರ ಸ್ಟಿಗ್ ಯೂಸರ್ ನೇಮ್‌ಸ್ಪೇಸ್‌ಗಳ ಮಿತಿಯನ್ನು 0 ಮಾಡಿ ಅನ್ನುತ್ತದೆ. ಹಾಗೆ ಮಾಡಿದರೆ ಕಂಟೇನರ್ ಓಡಿಸುವ ಸಾಧನ ಪಾಡ್‌ಮ್ಯಾನ್ ಅನ್ನು ರೂಟ್, ಅಂದರೆ ಪೂರ್ಣ ಅಧಿಕಾರದ ಖಾತೆ, ಇಲ್ಲದೆ ಓಡಿಸುವುದು ಸಾಧ್ಯವೇ ಇಲ್ಲ. ಏಜೆನ್ಸಿಯ ಕೆಲವು ಸರ್ವರ್‌ಗಳು ಹಾಗೇ ಕಂಟೇನರ್ ಓಡಿಸುತ್ತಿದ್ದವು. ಕಂಟೇನರ್ ಬಳಕೆಯಲ್ಲಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ ಅಂತ ಸ್ಟಿಗ್ ಪಠ್ಯದಲ್ಲೇ ಬರೆದಿದೆ. ಹಾಗಾದರೆ ಹಿಂದಿನ ತಂಡ ಮಾಡಿದ್ದು ಸರಿ ಅಲ್ವಾ? ಅರ್ಧ ಸರಿ. ಅವರು ಎಲ್ಲ ಸರ್ವರ್‌ಗಳಿಗೂ ಇದನ್ನು ಆಫ್ ಮಾಡಿದ್ದರು. ಕಂಟೇನರ್ ಇಲ್ಲದ ಡೇಟಾಬೇಸ್ ಸರ್ವರ್‌ಗೆ ಈ ವಿನಾಯಿತಿ ಸಿಗುವುದಿಲ್ಲ. ಅದಕ್ಕೇ ಹೊಸ ತಂಡ ಎರಡು ಪ್ರೊಫೈಲ್ ಮಾಡಿತು: ಒಂದು ಸಾಮಾನ್ಯ ಸರ್ವರ್‌ಗಳಿಗೆ, ಇನ್ನೊಂದು ಕಂಟೇನರ್ ಸರ್ವರ್‌ಗಳಿಗೆ.

ಮೂರನೆಯದು ಆಡಿಟ್ ಲಾಗ್. ಲಾಗ್ ಬರೆಯುವ ಡಿಸ್ಕ್ ತುಂಬಿದರೆ ಯಂತ್ರವನ್ನೇ ನಿಲ್ಲಿಸಿ ಅನ್ನುವುದು ಸ್ಟಿಗ್‌ನ ಮೂಲ ನಿಲುವು. ಯಾರು ಏನು ಮಾಡಿದರು ಅಂತ ದಾಖಲಾಗದ ಯಂತ್ರ ಓಡುವುದಕ್ಕಿಂತ ನಿಂತರೆ ಮೇಲು ಅನ್ನುವ ತರ್ಕ ಅದು. ರಹಸ್ಯ ಮಾಹಿತಿಯ ಯಂತ್ರಕ್ಕೆ ಇದು ಒಪ್ಪುವ ಮಾತು. ಜನರ ಅರ್ಜಿ ತೆಗೆದುಕೊಳ್ಳುವ ಸೇವೆಗೆ? ಸೇವೆ ಲಭ್ಯವಿರುವುದೇ ಹೆಚ್ಚು ಮುಖ್ಯ ಅಂತ ತೀರ್ಮಾನಿಸಿ ಐಎಸ್‌ಎಸ್‌ಒ ಬಳಿ ದಾಖಲಿಸಿದರೆ, ನಿಲ್ಲಿಸುವ ಬದಲು ಯಂತ್ರದ ಸಾಮಾನ್ಯ ಲಾಗ್ ಆದ ಸಿಸ್‌ಲಾಗ್‌ಗೆ ಎಚ್ಚರಿಕೆ ಕಳಿಸಬಹುದು ಅಂತ ಸ್ಟಿಗ್ ಹೇಳುತ್ತದೆ. ಬದಲಾವಣೆಗೆ ಅನುಮತಿ ಇತ್ತು, ಅದನ್ನು ಬಳಸಿಕೊಳ್ಳಲು ಬೇಕಾದ ಕಾಗದ ಇರಲಿಲ್ಲ. ಹೊಸ ತಂಡ ತೀರ್ಮಾನವನ್ನು ಬರೆಸಿತು. ಲಾಗ್‌ಗಳು ಕೇಂದ್ರ ಸರ್ವರ್‌ಗೆ ಹೋಗುತ್ತಿರಬೇಕು, ಡಿಸ್ಕ್ ತುಂಬುವ ಮೊದಲೇ ಯಾರಿಗಾದರೂ ಅಲರ್ಟ್ ಹೋಗಬೇಕು ಅನ್ನುವ ಎರಡು ಷರತ್ತನ್ನೂ ಸೇರಿಸಿತು.

ಪಾಸ್‌ವರ್ಡ್ ನಿಯಮಗಳದ್ದು ಇನ್ನೊಂದು ತರಹ. ಹಿಂದಿನ ತಂಡ ಇವನ್ನು ಮುಟ್ಟಿಯೇ ಇರಲಿಲ್ಲ, ಆದರೆ ಮುಟ್ಟಬೇಕಿತ್ತು. ಸ್ಟಿಗ್ ಪ್ರಕಾರ ಪಾಸ್‌ವರ್ಡ್‌ಗೆ 60 ದಿನಗಳ ಆಯಸ್ಸು, ಅದರಲ್ಲಿ ವಿಶೇಷ ಚಿಹ್ನೆ ಇರಲೇಬೇಕು. 2017ರಲ್ಲೇ ನಿಸ್ಟ್ ತನ್ನ ಎಸ್‌ಪಿ 800-63ಬಿಯಲ್ಲಿ, ಕಾರಣವಿಲ್ಲದೆ ನಿಯತವಾಗಿ ಪಾಸ್‌ವರ್ಡ್ ಬದಲಾಯಿಸಲು ಒತ್ತಾಯಿಸಬೇಡಿ ಅಂದಿತ್ತು. 2022ರ ಜನವರಿಯಲ್ಲಿ ಶ್ವೇತಭವನದ ಬಜೆಟ್ ಕಚೇರಿ ಓಎಂಬಿ ಹೊರಡಿಸಿದ ಎಂ-22-09 ಮೆಮೊ ಇನ್ನೂ ಮುಂದೆ ಹೋಯಿತು. ವಿಶೇಷ ಚಿಹ್ನೆ ಕಡ್ಡಾಯ ಮಾಡುವ, ನಿಯತವಾಗಿ ಬದಲಾಯಿಸಲು ಹೇಳುವ ನೀತಿಗಳನ್ನು ಒಂದು ವರ್ಷದೊಳಗೆ ತೆಗೆದುಹಾಕಿ ಅಂತ ಏಜೆನ್ಸಿಗಳಿಗೆ ಸೂಚಿಸಿತು. ಇಲ್ಲಿ ಹಂಚಿಕೊಂಡ ಪ್ರೊಫೈಲನ್ನು ಹಾಗೇ ಪಾಲಿಸಿದರೆ ಮೇಲಿನ ಆದೇಶ ಮುರಿದಂತೆ! ಈ ಎರಡು ನಿಯಮಗಳನ್ನು ಆಫ್ ಮಾಡಿ, ಮೆಮೊದ ಸಂಖ್ಯೆಯನ್ನೇ ಕಾರಣವಾಗಿ ಬರೆದರು. ಕನಿಷ್ಠ 15 ಅಕ್ಷರ ಇರಬೇಕು ಅನ್ನುವ ನಿಯಮವನ್ನು ಹಾಗೇ ಉಳಿಸಿಕೊಂಡರು.

ಸೆಕ್ಯುರಿಟಿಯಲ್ಲಿ ಬಿಗಿ ಜಾಸ್ತಿ ಆದಷ್ಟೂ ಒಳ್ಳೆಯದು ಅಂತ ಎಷ್ಟೋ ಜನ ನಂಬಿರುತ್ತಾರೆ. ಅಂಥವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಪ್ರೊಫೈಲ್ ಬರೆದವರ ಮುಂದೆ ಇದ್ದದ್ದು ರಕ್ಷಣಾ ಇಲಾಖೆಯ ಅಗತ್ಯ. ನಿಮ್ಮ ಮೇಲೆ ಯಾರ ಆದೇಶ ನಡೆಯುತ್ತದೆ ಅನ್ನುವುದು ಅವರಿಗೆ ಗೊತ್ತಿರಲು ಸಾಧ್ಯವಿಲ್ಲ.

ಫಿಪ್ಸ್: ಆಫ್ ಮಾಡಬಾರದಿದ್ದ ನಿಯಮ

ಪಟ್ಟಿಯ ಕೊನೆಯಲ್ಲಿ ಇದ್ದದ್ದೇ ಅತಿ ದೊಡ್ಡದು. ಫಿಪ್ಸ್ ಮೋಡ್, ಅಂದರೆ ಫೆಡರಲ್ ಮಾನದಂಡ ಒಪ್ಪಿದ ಕ್ರಿಪ್ಟೋಗ್ರಫಿಯನ್ನು ಮಾತ್ರ ಯಂತ್ರ ಬಳಸುವ ಸ್ಥಿತಿ, ಆನ್ ಇರಬೇಕು ಅನ್ನುವ ನಿಯಮವನ್ನು ಹಿಂದಿನ ತಂಡ ಆಫ್ ಮಾಡಿತ್ತು. ಇದು ಕ್ಯಾಟ್ 1. ಕಾರಣ ಹುಡುಕಿದಾಗ ಗೊತ್ತಾದದ್ದು, ಒಂದು ಹಳೆಯ ಅಪ್ಲಿಕೇಶನ್ ಎಂಡಿ5 ಅನ್ನುವ ಹಳೆಯ ಹ್ಯಾಶ್ ವಿಧಾನ ಬಳಸುತ್ತಿತ್ತು. ಫಿಪ್ಸ್ ಮೋಡ್‌ನಲ್ಲಿ ಅದು ಏಳುತ್ತಲೇ ಇರಲಿಲ್ಲ. ಕೆಲಸ ನಿಲ್ಲಬಾರದು ಅಂತ ಮೋಡ್ ಬಿಟ್ಟರು, ರಿಪೋರ್ಟಿನಲ್ಲಿ ಕೆಂಪು ಬರಬಾರದು ಅಂತ ನಿಯಮವನ್ನೇ ತೆಗೆದರು.

ಈ ಎರಡನೆಯ ಹೆಜ್ಜೆ ನನ್ನನ್ನು ನಿಜವಾಗಿ ಕಾಡುತ್ತದೆ. ನಿಯಮ ಅನ್ವಯಿಸುತ್ತದೆ. ಫೆಡರಲ್ ಸಿಸ್ಟಮ್‌ನಲ್ಲಿ ಮಾಹಿತಿ ಕಾಯಲು ಬಳಸುವ ಕ್ರಿಪ್ಟೋಗ್ರಫಿ ಫಿಪ್ಸ್ 140ರ ಪ್ರಕಾರ ದೃಢೀಕರಣ ಪಡೆದಿರಬೇಕು. ಕಡ್ಡಾಯ ಫಿಪ್ಸ್ ಮಾನದಂಡಗಳಿಗೆ ಏಜೆನ್ಸಿಗಳೇ ವಿನಾಯಿತಿ ಕೊಟ್ಟುಕೊಳ್ಳುವ ಅವಕಾಶ 2002ರ ಫಿಸ್ಮಾ ಕಾಯ್ದೆಯೊಂದಿಗೇ ಹೋಯಿತು. ಅಂದಮೇಲೆ ಇದು ಟೈಲರಿಂಗ್‌ಗೆ, ಅಂದರೆ ಪ್ರೊಫೈಲನ್ನು ನಮ್ಮ ಅಗತ್ಯಕ್ಕೆ ಹೊಂದಿಸಿಕೊಳ್ಳುವುದಕ್ಕೆ, ಸಿಗುವ ವಿಷಯವೇ ಅಲ್ಲ. ಇದು ಇನ್ನೂ ಪೂರೈಸದ ಕೆಲಸ, ಅಷ್ಟೆ.

ಆಫ್ ಮಾಡಿದ ನಿಯಮಕ್ಕೆ ಸ್ಕ್ಯಾನರ್ ನಾಟ್‌ಸೆಲೆಕ್ಟೆಡ್ ಅನ್ನುವ ಫಲಿತಾಂಶ ಕೊಡುತ್ತದೆ. ಅಂಕ ಲೆಕ್ಕ ಹಾಕುವಾಗ ಅದನ್ನು ಪರಿಗಣಿಸುವುದಿಲ್ಲ. ಹೀಗಾಗಿ ಒಂದು ಗಂಭೀರ ಫೇಲ್ ಅನ್ನು ಆಫ್ ಮಾಡಿದರೆ ಅಂಕ ಏರುತ್ತದೆ, ಯಂತ್ರ ಮಾತ್ರ ಇದ್ದ ಹಾಗೇ ಇರುತ್ತದೆ. ಮೇಲಧಿಕಾರಿಗಳು ಶೇಕಡಾವಾರು ಅಂಕವನ್ನಷ್ಟೇ ಕೇಳುವ ಕಡೆ ಈ ಸೆಳೆತ ಬಲವಾಗಿರುತ್ತದೆ. ಅಪಾಯ ಒಪ್ಪಿಕೊಳ್ಳುವ ಅಧಿಕಾರ ಇರುವುದು ಸಿಸ್ಟಮ್ ಓಡಲು ಅನುಮತಿ ಕೊಡುವ ಆಥರೈಸಿಂಗ್ ಅಫಿಷಿಯಲ್‌ಗೆ. ಅವರ ಕಣ್ಣಿಗೇ ಬೀಳದ ಅಪಾಯವನ್ನು ಅವರು ಒಪ್ಪಿಕೊಂಡಿದ್ದಾರೆ ಅಂತ ಹೇಗೆ ಹೇಳುವುದು?

ಹೊಸ ತಂಡ ಫಿಪ್ಸ್ ನಿಯಮವನ್ನು ಮತ್ತೆ ಆನ್ ಮಾಡಿತು. ರಿಪೋರ್ಟಿನಲ್ಲಿ ಕೆಂಪು ಬಂತು. ಆ ಕೆಂಪಿಗೆ ಒಂದು ಪೋಆಮ್ ನಮೂದು ತೆರೆದರು. ಪೋಆಮ್ ಅಂದರೆ, ಬಾಕಿ ಇರುವ ದೌರ್ಬಲ್ಯ ಯಾವುದು, ಯಾರು ಸರಿಪಡಿಸುತ್ತಾರೆ, ಯಾವಾಗ ಅಂತ ಫೆಡರಲ್ ಏಜೆನ್ಸಿಗಳು ಇಡುವ ಪಟ್ಟಿ. ಹಳೆಯ ಅಪ್ಲಿಕೇಶನ್ ಇರುವ ಸರ್ವರ್‌ಗಳನ್ನು ಪ್ರತ್ಯೇಕ ನೆಟ್‌ವರ್ಕ್ ಭಾಗಕ್ಕೆ ಸರಿಸಿದರು. ಉಳಿದ ಸರ್ವರ್‌ಗಳಲ್ಲಿ ಫಿಪ್ಸ್ ಆನ್ ಮಾಡಲು ಅಡ್ಡಿಯೇ ಇರಲಿಲ್ಲ. ಓಡುತ್ತಿರುವ ಯಂತ್ರದಲ್ಲಿ ಅದನ್ನು ಆನ್ ಮಾಡುವುದಕ್ಕಿಂತ ಇನ್‌ಸ್ಟಾಲ್ ಮಾಡುವಾಗಲೇ ಆನ್ ಮಾಡಿ ಅನ್ನುವುದು ರೆಡ್ ಹ್ಯಾಟ್ ಸಲಹೆ. ಹಳೆಯ ಕೀಗಳು ಫಿಪ್ಸ್ ಒಪ್ಪದ ರೀತಿಯಲ್ಲಿ ಹುಟ್ಟಿರಬಹುದು ಅನ್ನುವುದು ಅದರ ಹಿಂದಿನ ಕಾರಣ. ಹಾಗಾಗಿ ಸರ್ವರ್‌ಗಳನ್ನು ಸರದಿಯ ಮೇಲೆ ಹೊಸದಾಗಿಯೇ ಕಟ್ಟಿದರು.

ಟೈಲರಿಂಗ್ ಫೈಲ್

ತಾಂತ್ರಿಕ ಭಾಗ ನಿಜಕ್ಕೂ ಚಿಕ್ಕದು. ಎಕ್ಸ್‌ಸಿಸಿಡಿಎಫ್ 1.2ರಲ್ಲಿ ಟೈಲರಿಂಗ್ ಅನ್ನುವ ಪ್ರತ್ಯೇಕ ಫೈಲ್‌ಗೆ ಅವಕಾಶ ಇದೆ. ಮೂಲ ಡೇಟಾ ಸ್ಟ್ರೀಮನ್ನು ಮುಟ್ಟುವ ಹಾಗೇ ಇಲ್ಲ. ಈ ಫೈಲಿನಲ್ಲಿ ಹೊಸ ಪ್ರೊಫೈಲ್ ಹುಟ್ಟುತ್ತದೆ, ಅದು ಮೂಲ ಸ್ಟಿಗ್ ಪ್ರೊಫೈಲನ್ನು ವಿಸ್ತರಿಸುತ್ತದೆ ಅಂತ ಹೇಳುತ್ತದೆ. ಆಮೇಲೆ ವ್ಯತ್ಯಾಸಗಳು ಮಾತ್ರ: ಈ ನಿಯಮ ಆಫ್, ಈ ವೇರಿಯಬಲ್‌ಗೆ ಈ ಮೌಲ್ಯ. ಸ್ಕ್ಯಾಪ್ ವರ್ಕ್‌ಬೆಂಚ್‌ನಲ್ಲಿ ಟಿಕ್ ಮಾಡಿಯೂ ಇದನ್ನು ತಯಾರಿಸಬಹುದು, ಆಟೋಟೈಲರ್ ಕಮಾಂಡಿನಿಂದಲೂ ಆಗುತ್ತದೆ. ಈ ತಂಡ ಕೈಯಿಂದಲೇ ಬರೆಯಿತು. ಎರಡು ಪ್ರೊಫೈಲೂ ಒಂದೇ ಫೈಲಿನಲ್ಲಿ, ಅದೂ ಎರಡು ಪುಟ ದಾಟಲಿಲ್ಲ.

ನಿಯಮ ಆನ್-ಆಫ್ ಮಾಡುವ ಪ್ರತಿ ಸಾಲಿನೊಳಗೆ ರಿಮಾರ್ಕ್ ಬರೆಯಲು ಜಾಗ ಇದೆ. ಬಹಳ ಜನ ಇದನ್ನು ಖಾಲಿ ಬಿಡುತ್ತಾರೆ. ಇಲ್ಲಿ ಕಾರಣ, ಒಪ್ಪಿಗೆ ಕೊಟ್ಟವರ ಹುದ್ದೆ, ಮತ್ತೆ ಯಾವಾಗ ನೋಡಬೇಕು ಅನ್ನುವ ದಿನಾಂಕ ಮೂರೂ ಬರೆಯುವುದು ಕಡ್ಡಾಯವಾಯಿತು. ಮೌಲ್ಯ ಬದಲಿಸುವ ಸಾಲಿಗೆ ಅಂಥ ಜಾಗ ಇಲ್ಲ, ಅಲ್ಲಿ ಎಕ್ಸ್‌ಎಂಎಲ್ ಕಾಮೆಂಟ್ ಬಳಸಿದರು. ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ಗೆ ಫೈಲ್ ಹೋಯಿತು. ಐಎಸ್‌ಎಸ್‌ಒ ಒಪ್ಪದೆ ಒಂದು ಸಾಲೂ ಸೇರುವಂತಿಲ್ಲ.

ಜಾರುವ ಜಾಗ ಎರಡಿವೆ. ಸ್ಕ್ಯಾನ್ ಕಮಾಂಡಿಗೆ ಟೈಲರಿಂಗ್ ಫೈಲ್ ಕೊಟ್ಟು, ಪ್ರೊಫೈಲ್ ಹೆಸರು ಮಾತ್ರ ಮೂಲದ್ದನ್ನೇ ಕೊಟ್ಟರೆ ಓಡುವುದು ಮೂಲ ಪ್ರೊಫೈಲೇ. ಹೊಸ ಪ್ರೊಫೈಲಿಗೆ ಬೇರೆಯೇ ಗುರುತು ಕೊಟ್ಟು ಅದನ್ನೇ ಕರೆಯಬೇಕು. ರಿಪೋರ್ಟ್ ನೋಡಿದ ಕೂಡಲೇ ಇದು ಟೈಲರ್ ಆದದ್ದು ಅಂತಲೂ ಗೊತ್ತಾಗುತ್ತದೆ. ಇನ್ನೊಂದು, ಮೂಲದವರು ಒಂದು ನಿಯಮದ ಗುರುತು ಬದಲಿಸಿದರೆ ಅಥವಾ ತೆಗೆದರೆ, ನಿಮ್ಮ ಫೈಲಿನ ಆ ಸಾಲಿಗೆ ಅರ್ಥ ಉಳಿಯುವುದಿಲ್ಲ. ಓಪನ್‌ಸ್ಕ್ಯಾಪ್ ಇದಕ್ಕೆ ಎಚ್ಚರಿಕೆ ಕೊಡುತ್ತದೆ, ಆದರೆ ಸ್ಕ್ಯಾನ್ ಮುಂದುವರಿಯುತ್ತದೆ. ರಾತ್ರಿ ತಾನಾಗಿ ಓಡುವ ಸ್ಕ್ಯಾನ್‌ನ ಎಚ್ಚರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ತಂಡ ಆ ಎಚ್ಚರಿಕೆ ಬಂದರೆ ಕೆಲಸ ನಿಲ್ಲುವ ಹಾಗೆ ಮಾಡಿತು.

ಸರ್ವರ್‌ಗಳನ್ನು ತಾನಾಗಿ ಸರಿಪಡಿಸುವ ಸ್ಕ್ರಿಪ್ಟ್, ಅಂದರೆ ಆನ್ಸಿಬಲ್ ಪ್ಲೇಬುಕ್ ಕೂಡ ಇದೇ ಟೈಲರ್ ಆದ ಪ್ರೊಫೈಲಿನಿಂದ ತಯಾರಾಗುತ್ತದೆ. ಇದು ಮುಖ್ಯ. ಸ್ಕ್ಯಾನ್ ಒಂದು ಪ್ರೊಫೈಲಿನಿಂದ, ರಿಪೇರಿ ಇನ್ನೊಂದರಿಂದ ಆದರೆ ಕಂಟೇನರ್ ಸರ್ವರ್ ಬೆಳಗಾಗುವಷ್ಟರಲ್ಲಿ ನಿಂತಿರುತ್ತದೆ. ಓಪನ್‌ಸ್ಕ್ಯಾಪ್ ಮಾಡಿದ ರಿಪೇರಿಯನ್ನು ಹಿಂದಕ್ಕೆ ತಿರುಗಿಸುವ ಬಟನ್ ಇಲ್ಲ. ಮೊದಲು ಟೆಸ್ಟ್ ಯಂತ್ರ, ಆಮೇಲೆ ಉಳಿದದ್ದು.

ಮುಂದಿನ ಅಪ್‌ಡೇಟ್ ಬಂದಾಗ

ಹೊಸ ಪ್ಯಾಕೇಜ್ ಬಂದ ಕೂಡಲೇ ಮೂಲ ಪ್ರೊಫೈಲಿಗೆ ಸೇರಿದ ನಿಯಮಗಳು ಟೈಲರ್ ಆದ ಪ್ರೊಫೈಲಿಗೂ ತಾವಾಗಿಯೇ ಬಂದವು. ಟೆಸ್ಟ್ ಸರ್ವರ್‌ಗಳಲ್ಲಿ ಹೊಸ ಫೇಲ್‌ಗಳು ಕಂಡವು. ಅಡ್ಮಿನ್‌ಗಳಿಗೆ ಮೊದಲು ಗಾಬರಿಯಾಯಿತು. ಆದರೆ ಈ ವ್ಯವಸ್ಥೆ ಮಾಡಿದ್ದೇ ಇದಕ್ಕೆ. ಒಂದೊಂದನ್ನೂ ಅದೇ ಮೂರು ಪ್ರಶ್ನೆ ಕೇಳಿ ನೋಡಿದರು. ಹೆಚ್ಚಿನವನ್ನು ಸುಮ್ಮನೆ ಸರಿಪಡಿಸಿದರೆ ಮುಗಿಯಿತು, ಟೈಲರಿಂಗ್ ಫೈಲ್ ಬೆಳೆಯಲೇ ಇಲ್ಲ.

ಮುಂದಿನ ಪರಿಶೀಲನೆಗೆ ಅಸೆಸರ್ ಮೂಲ ಪ್ರೊಫೈಲನ್ನೇ ಮತ್ತೆ ಓಡಿಸಿದರು. ಎರಡು ರಿಪೋರ್ಟ್‌ಗಳ ನಡುವಿನ ಪ್ರತಿ ವ್ಯತ್ಯಾಸಕ್ಕೂ ಟೈಲರಿಂಗ್ ಫೈಲಿನಲ್ಲಿ ಒಂದು ಸಾಲು ಸಿಕ್ಕಿತು. ಫಿಪ್ಸ್ ಎರಡು ರಿಪೋರ್ಟಿನಲ್ಲೂ ಕೆಂಪಾಗಿಯೇ ಇತ್ತು, ಪೋಆಮ್‌ನಲ್ಲಿ ಅದರ ನಮೂದೂ ಇತ್ತು. ಅಂಕ ಹಿಂದಿನ ವರ್ಷಕ್ಕಿಂತ ಕಡಿಮೆ ಬಂದಿತ್ತು. ಆಥರೈಸಿಂಗ್ ಅಫಿಷಿಯಲ್ ಅನುಮತಿಯನ್ನು ಮುಂದುವರಿಸಿದರು.

ಈಗ ತಂಡ ರೆಡ್ ಹ್ಯಾಟ್ 9ಕ್ಕೆ ಹೋಗುತ್ತಿದೆ. ಟೈಲರಿಂಗ್ ಫೈಲನ್ನು ಹಾಗೇ ಒಯ್ಯಲು ಆಗುವುದಿಲ್ಲ, ಬೆಂಚ್‌ಮಾರ್ಕ್ ಬೇರೆ, ಸ್ಟಿಗ್ ಬೇರೆ. ಹಳೆಯ ಫೈಲಿನ ಪ್ರತಿ ರಿಮಾರ್ಕ್ ಓದಿ, ಆ ಕಾರಣ 9ರಲ್ಲೂ ನಿಜವೇ ಅಂತ ಕೇಳಿ, ಹೌದಾದರೆ ಮಾತ್ರ ಹೊಸ ಫೈಲಿಗೆ ಬರೆಯುತ್ತಿದ್ದಾರೆ. ಬ್ಯಾನರ್ ಮತ್ತು ಪಾಸ್‌ವರ್ಡ್ ಸಾಲುಗಳು ಹೊಸ ಫೈಲಿಗೂ ಬರುತ್ತವೆ. ಆಡಿಟ್ ಡಿಸ್ಕ್‌ನ ತೀರ್ಮಾನಕ್ಕೆ ಐಎಸ್‌ಎಸ್‌ಒ ಹೊಸ ಸಹಿ ಕೇಳಿದ್ದಾರೆ. ಎಂಡಿ5 ಅಪ್ಲಿಕೇಶನ್ ಅನ್ನು 9ಕ್ಕೆ ತರುವುದಿಲ್ಲ ಅಂತ ತೀರ್ಮಾನವಾಗಿದೆ. ಹೊಸ ಸರ್ವರ್‌ಗಳೆಲ್ಲ ಮೊದಲ ಬೂಟ್‌ನಿಂದಲೇ ಫಿಪ್ಸ್ ಮೋಡ್‌ನಲ್ಲಿ ಓಡುತ್ತಿವೆ.